ತಳವಾರನಿಗೆ ಏಳು ದಿನದ ಗಡುವು

ಮಿಥಿಳೆಯ ಅರಸ ವಾಮರಥನ ಹಾರ ಕಳುವಾಯಿತು. ಅರಸ ಊರಕಾವಲಿನ ಯಮದಂಡನನ್ನು ಕರೆಸಿದ. ಏಳು ದಿನದೊಳಗೆ ಕಳ್ಳನನ್ನು ತಂದು ನಿಲ್ಲಿಸಬೇಕು, ಇಲ್ಲದಿದ್ದರೆ ಕಳ್ಳನಿಗೆ ಆಗಬೇಕಾದದ್ದು ನಿನಗೇ ಆಗುತ್ತದೆ ಎಂದ. ಯಮದಂಡ ಊರನ್ನೆಲ್ಲ ಸೋಸಿದ. ದಿನ ಕಳೆದವು, ಕಳ್ಳ ಸಿಗಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ಪಾಳುಗುಡಿಯಲ್ಲಿ ಬಿದ್ದುಕೊಂಡಿದ್ದ ಒಬ್ಬ ಕುಷ್ಠರೋಗಿಯನ್ನು ಎಳೆತಂದು, ಇವನೇ ಕಳ್ಳ ಎಂದ. ನೊಣ ಅಟ್ಟಿಕೊಳ್ಳಲೂ ತ್ರಾಣವಿಲ್ಲದವನು ಅರಮನೆ ಹೊಕ್ಕು ಹಾರ ಕದ್ದನೆಂದರೆ ಯಾರು ನಂಬುತ್ತಾರೆ? ಯಮದಂಡ ಮೂವತ್ತೆರಡು ಬಗೆಯ ಹಿಂಸೆ ಕೊಟ್ಟರೂ ರೋಗಿ ಒಪ್ಪಲಿಲ್ಲ.

ಆದರೆ ಯಮದಂಡ ಹಿಡಿದದ್ದು ಸರಿಯಾದ ಕಳ್ಳನನ್ನೇ. ಹಗಲು ರೋಗಿಯ ವೇಷ, ಇರುಳು ಚೆಲುವನ ರೂಪ. ಹೆಸರು ವಿದ್ಯುಚ್ಚೋರ, ಮಿಂಚಿನಂಥ ಕಳ್ಳ. ಕೊನೆಗೆ ಅವನೇ ಅರಸನಿಂದ ಅಭಯ ಬೇಡಿ ನಿಜ ಹೇಳುತ್ತಾನೆ. ಅವನೂ ಒಬ್ಬ ದೊರೆಮಗ. ಯಮದಂಡ ಆ ದೊರೆಯ ಊರಿನ ಕಾವಲಿನವನ ಮಗ. ಇಬ್ಬರೂ ಒಟ್ಟಿಗೆ ಬೆಳೆದವರು. ಒಬ್ಬ ಕಳವಿನ ಶಾಸ್ತ್ರ ಕಲಿತ, ಇನ್ನೊಬ್ಬ ಕಳ್ಳರನ್ನು ಹಿಡಿಯುವ ಶಾಸ್ತ್ರ ಕಲಿತ. ನೀನು ಎಲ್ಲಿ ಕಾವಲಿಗೆ ನಿಲ್ಲುತ್ತೀಯೋ ಅಲ್ಲಿಗೇ ಬಂದು ಕದಿಯುತ್ತೇನೆ ಎಂದು ಹುಡುಗತನದಲ್ಲಿ ಪಂಥ ಬಿದ್ದಿತ್ತು.

ಇದು ವಡ್ಡಾರಾಧನೆಯ 19 ಕಥೆಗಳಲ್ಲಿ ಒಂದು, ಕನ್ನಡ ಗದ್ಯದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಒಂದರದು. ಅದನ್ನು ಬರೆದ ಶಿವಕೋಟ್ಯಾಚಾರ್ಯ ಕೋಗಳಿ ನಾಡಿನವನು, ಕಾಲ ಸುಮಾರು ಕ್ರಿ.ಶ. 920 ಎಂದು ನಾವೆಲ್ಲ ಶಾಲೆಯ ಪಠ್ಯದಲ್ಲಿ ಓದಿದ್ದೇವೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಕೋಗಳಿಯಲ್ಲಿ ಈಗಲೂ ಬಸದಿ ಇದೆ, ಶಾಸನಗಳಿವೆ. ವಿದ್ವಾಂಸರು ಕರ್ತೃವಿನ ಹೆಸರು, ಊರು, ಕಾಲ ಮೂರರ ಮೇಲೂ ವಾದ ಮಾಡಿದ್ದಾರೆ. ನಮ್ಮ ಸೀಮೆಯ ಜನ ಮಾತ್ರ ಅವನನ್ನು ಬಿಟ್ಟುಕೊಟ್ಟಿಲ್ಲ. ನಾನೂ ಬಿಟ್ಟುಕೊಡಲಾರೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಪುಸ್ತಕವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಅದು ನಮ್ಮ ಕೈಗೆ ಬಂತು.

ಆ ಕಥೆಯಲ್ಲಿ ಯಮದಂಡನಿಗೆ ಇರುವ ಹುದ್ದೆಯ ಹೆಸರು ‘ತಳಾಱ’. ಕೊನೆಯ ಅಕ್ಷರ ಹಳಗನ್ನಡದ ಗಡುಸು ‘ಱ’. ಆ ಅಕ್ಷರ ನಮ್ಮ ನಾಲಿಗೆಯಿಂದ ಬಿದ್ದುಹೋಗಿದೆ, ಪದ ಬಿದ್ದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಯಾವುದೇ ಹಳ್ಳಿಯಲ್ಲಿ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ, ‘ತಳವಾರ’ ಎಂಬ ಅಡ್ಡಹೆಸರಿನ ಒಂದು ಮಗುವಾದರೂ ಸಿಗುತ್ತದೆ. ಹೊಸಪೇಟೆಯಲ್ಲಿ ತಳವಾರಕೇರಿ ಇದೆ, ಪಕ್ಕದಲ್ಲೇ ಉಕ್ಕಡಕೇರಿ ಇದೆ. ಸಾವಿರ ವರ್ಷದ ಹಿಂದೆ ಕಥೆಯ ಅರಸ ಯಾವ ಪದ ಕೂಗಿ ಕರೆದನೋ ಅದೇ ಪದವನ್ನು ಇಂದು ಮೇಷ್ಟ್ರು ಹಾಜರಿ ಹಾಕುವಾಗ ಕೂಗುತ್ತಾರೆ.

ಈ ಪದವನ್ನು ‘ತಲವಾರು’ ಎಂಬ ಕತ್ತಿಯ ಹೆಸರಿನೊಂದಿಗೆ ಕಲೆಸುವವರಿದ್ದಾರೆ. ಕತ್ತಿ ಹಿಡಿದು ಕಾಯುತ್ತಿದ್ದ, ಅದಕ್ಕೇ ತಳವಾರ ಎಂಬ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಕತ್ತಿಯ ತಲವಾರು ಸಂಸ್ಕೃತದ ‘ತರವಾರಿ’ಯಿಂದ ಉತ್ತರದ ಭಾಷೆಗಳ ಮೂಲಕ ಬಂದದ್ದು. ನಮ್ಮ ತಳವಾರ ಅದಕ್ಕಿಂತ ಬಹಳ ಹಿಂದೆಯೇ ಇಲ್ಲಿದ್ದ. ಕೃಷ್ಣಾ ದಂಡೆಯ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸರು 3ನೆಯ ಶತಮಾನದಲ್ಲಿ ಆಳುತ್ತಿದ್ದಾಗಿನ ಪ್ರಾಕೃತ ಶಾಸನಗಳಲ್ಲಿ ‘ಮಹಾತಳವರ’ ಎಂಬುದು ದೊಡ್ಡ ಬಿರುದು. ಅರಸ ಚಾಂತಮೂಲನ ತಂಗಿ ಚಾಂತಿಸಿರಿ ಅಲ್ಲಿನ ಮಹಾಚೈತ್ಯವನ್ನು ಪೋಷಿಸಿದ ಹೆಣ್ಣುಮಗಳು. ಅವಳ ಗಂಡ ಮಹಾಸೇನಾಪತಿಯೂ ಹೌದು, ಮಹಾತಳವರನೂ ಹೌದು. ಅಂದರೆ ಅರಸನ ಮನೆಯ ಹೆಣ್ಣನ್ನು ತಳವರನಿಗೆ ಕೊಡುತ್ತಿದ್ದರು. ಜೈನರ ಕಲ್ಪಸೂತ್ರದಲ್ಲಿಯೂ ಅರಸನ ಓಲಗದಲ್ಲಿ ಕೂರುವ ಗಣ್ಯರ ಸಾಲಿನಲ್ಲಿ ತಳವರರಿದ್ದಾರೆ. ಮೆಚ್ಚಿದ ಅರಸನಿಂದ ಹಣೆಗೆ ಪಟ್ಟ ಕಟ್ಟಿಸಿಕೊಂಡವರು ಎಂದು ಟೀಕಾಕಾರರು ಆ ಪದಕ್ಕೆ ಅರ್ಥ ಬರೆಯುತ್ತಾರೆ.

12ನೆಯ ಶತಮಾನದ ಹೇಮಚಂದ್ರ ತನ್ನ ದೇಶೀನಾಮಮಾಲೆಯಲ್ಲಿ, ಸಂಸ್ಕೃತದಿಂದ ಹುಟ್ಟಿಸಲಾಗದ ದೇಶೀ ಪದಗಳ ನಡುವೆ, ‘ತಲಾರ’ವನ್ನು ಇಟ್ಟು ನಗರ ಕಾಯುವವನು ಎಂದು ಅರ್ಥ ಕೊಟ್ಟ. ಮೇವಾಡದ 13ನೆಯ ಶತಮಾನದ ಶಾಸನದಲ್ಲೂ ಊರು ಕಾಯುವ ತಲಾರರ ಮನೆತನವೊಂದಿದೆ. ತಮಿಳಿನಲ್ಲಿ ತಲೈಯಾರಿ, ತೆಲುಗಿನಲ್ಲಿ ತಲಾರಿ. ಮರಾಠಿ ಹಳ್ಳಿಗಳ ‘ತರಾಳ’ ಕೂಡ ಇದೇ ಪದದ ಅಕ್ಷರ ಹಿಂದುಮುಂದಾದ ರೂಪ ಎಂದು ನನಗೆ ತೋರುತ್ತದೆ. ಬುಡ ದ್ರಾವಿಡವೋ ಪ್ರಾಕೃತವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನನಗೆ ಬುಡಕ್ಕಿಂತ ಹೆಚ್ಚು ಕಾಡುವುದು ಪದ ಇಳಿದ ಇಳಿಜಾರು. ಅರಸನ ಮನೆಯ ಅಳಿಯನಾಗಿದ್ದವನು ಗೌಡನ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲುವವನಾದದ್ದು ಹೇಗೆ?

ಕಳವಿನ ಕಥೆಗಳನ್ನು ಓದುತ್ತ ಹೋದಂತೆ ಇದಕ್ಕೆ ಉತ್ತರದ ಒಂದು ಎಳೆ ಸಿಗುತ್ತದೆ. ಕಳ್ಳನ ಕಥೆ ಎಲ್ಲಿದ್ದರೂ ಜನ ಕಳ್ಳನ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಾರೆ, ಕಾಯುವವನ ಪೇಚಾಟಕ್ಕೆ ನಗುತ್ತಾರೆ. ಗಡುವು ಕೊಟ್ಟವನ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಯಮದಂಡನ ಕಥೆಯಲ್ಲಿ ಕಳ್ಳನಿಗೆ ಕೊನೆಗೆ ಅಭಯ ಸಿಕ್ಕಿತು, ಅರಸನಿಗೆ ನಿಜ ಗೊತ್ತಾಯಿತು. ಏಳು ದಿನ ಸಾವಿನ ಬಾಯಲ್ಲಿ ಕೂತಿದ್ದವನು ತಳಾಱ ಒಬ್ಬನೇ.

ಶೂದ್ರಕನ ಮೃಚ್ಛಕಟಿಕದಲ್ಲಿ ಇದಕ್ಕೆ ಬೇರೆಯೇ ಒಂದು ತಿರುವಿದೆ, ಅದರಲ್ಲಿ ಕನ್ನಡಿಗರ ಪಾಲೂ ಇದೆ. ಕಳವು, ಕೊಲೆ ಆರೋಪ, ಜೂಜು, ಪ್ರೇಮ, ಅರಸನ ಮೈದುನನ ದರ್ಪ ಎಲ್ಲ ತುಂಬಿದ ನಾಟಕ ಅದು. ಅದರ ಕಳ್ಳ ಶರ್ವಿಲಕ ಗೋಡೆಗೆ ಕನ್ನ ಕೊರೆಯುವಾಗ ಕನ್ನದ ಆಕಾರದ ಅಂದಚೆಂದ ಯೋಚಿಸುತ್ತಾನೆ. 6ನೆಯ ಅಂಕದಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ಮುಸುಕಿನ ಬಂಡಿಯಲ್ಲಿ ಹೋಗುತ್ತಿದ್ದಾಗ ಇಬ್ಬರು ಕಾವಲಿನವರು ತಡೆಯುತ್ತಾರೆ. ಚಂದನಕ ಒಳಗೆ ಇಣುಕಿ ನೋಡುತ್ತಾನೆ, ಗುರುತು ಹಿಡಿಯುತ್ತಾನೆ, ಮನಸ್ಸು ಕರಗಿ ಅಭಯ ಕೊಟ್ಟುಬಿಡುತ್ತಾನೆ. ಜೊತೆಯವನಾದ ವೀರಕನಿಗೆ ಅನುಮಾನ, ತಾನೂ ನೋಡುತ್ತೇನೆ ಎನ್ನುತ್ತಾನೆ. ಆಗ ದಕ್ಷಿಣದವನಾದ ಚಂದನಕ, ಈಗ ಕರ್ಣಾಟರ ಜಗಳದ ವರಸೆ ತೆಗೆಯಬೇಕು ಎಂದು ತನ್ನೊಳಗೇ ಅಂದುಕೊಂಡು ಬೇಕೆಂದೇ ಕಾಲು ಕೆರೆದು ಗಲಾಟೆ ಎಬ್ಬಿಸುತ್ತಾನೆ, ವೀರಕನಿಗೆ ಒದೆಯುತ್ತಾನೆ. ಬಂಡಿ ಮುಂದೆ ಹೋಗುತ್ತದೆ. ಅದರಲ್ಲಿದ್ದವನು ನಾಟಕ ಮುಗಿಯುವ ಹೊತ್ತಿಗೆ ಹಳೆಯ ಅರಸನ ಜಾಗಕ್ಕೆ ಬರುತ್ತಾನೆ. ಕನ್ನಡ ಮಾತಿನ ಜಗಳ ಉಜ್ಜಯಿನಿಯ ರಂಗದ ಮೇಲೆ ನಗೆ ಹುಟ್ಟಿಸುವಷ್ಟು ಹೆಸರಾಗಿತ್ತು ಎನ್ನುವುದು ಸಂತೋಷದ ವಿಷಯ. ಅದಕ್ಕಿಂತ ದೊಡ್ಡದು, ಅಲ್ಲಿ ಕಾವಲಿನವನೊಬ್ಬ ಅಪ್ಪಣೆಗಿಂತ ಮಾತು ಕೊಟ್ಟದ್ದನ್ನು ಹೆಚ್ಚೆಂದುಕೊಂಡ ಎನ್ನುವುದು. ಇಂಥ ಕಾವಲಿನವನು ಕಥೆಗಳಲ್ಲಿ ಬಹಳ ಅಪರೂಪ.

ಜನ್ನನ ಯಶೋಧರ ಚರಿತೆ (1209) ಮತ್ತೊಬ್ಬ ತಳಾಱನನ್ನು ತೋರಿಸುತ್ತದೆ. ಹೆಸರು ಚಂಡಕರ್ಮ. ಅವನು ಮುನಿಯ ಮುಂದೆ ಕೂತು ಜೀವ ಎಂಬುದೊಂದಿದೆಯೇ ಎಂದು ವಾದಕ್ಕೆ ಇಳಿಯುತ್ತಾನೆ. ಕಳ್ಳರ ಮೈಯನ್ನೇ ಪರೀಕ್ಷಿಸಿ ನೋಡಿದ್ದೇನೆ, ಒಳಗೆ ಜೀವ ಕಾಣಲಿಲ್ಲ ಎಂಬ ಧಾಟಿ ಅವನದು. ಕೊಲ್ಲುವುದನ್ನೇ ಕೆಲಸ ಮಾಡಿಕೊಂಡವನಿಗೆ ಹುಟ್ಟಿದ ಪ್ರಶ್ನೆ ಅದು.

ಈ ಪದ ನಿಜಕ್ಕೂ ಹಣ್ಣಾದದ್ದು ಕಲ್ಯಾಣದಲ್ಲಿ ಎಂದು ನಾನು ನಂಬಿದ್ದೇನೆ. ಶರಣರ ಪಟ್ಟಿಯಲ್ಲಿ ತಳವಾರ ಕಾಮಿದೇವಯ್ಯ ಎಂಬ ವಚನಕಾರ ಇದ್ದಾನೆ. ಅದೇ ಪಟ್ಟಿಯಲ್ಲಿ ಕನ್ನದ ಮಾರಿತಂದೆ ಇದ್ದಾನೆ, ಹೆಸರೇ ಹೇಳುವಂತೆ ಕನ್ನ ಕೊರೆಯುತ್ತಿದ್ದವನು. ಇರುಳು ಎಚ್ಚರಿಕೆ ಕೂಗುವುದನ್ನೇ ಕಾಯಕ ಮಾಡಿಕೊಂಡ ಮುಕ್ತಿನಾಥಯ್ಯನೂ ಇದ್ದಾನೆ. ಕನ್ನ ಹಾಕುವವನು, ಎಚ್ಚರಿಸುವವನು, ಹಿಡಿಯುವವನು ಮೂವರೂ ಒಂದೇ ಅಂಗಳದಲ್ಲಿ ಕೂತು ತಮ್ಮ ತಮ್ಮ ಕಸುಬಿನ ಮಾತಿನಲ್ಲೇ ಶಿವನನ್ನು ಕುರಿತು ಆಡಿದರು. ಮಿಥಿಳೆಯ ಕಥೆಯಲ್ಲಿ ಗೆಳೆಯರಾಗಿದ್ದ ಕಳ್ಳ ಮತ್ತು ತಳಾಱ ಇಲ್ಲಿ ನಿಜವಾದ ಮನುಷ್ಯರಾಗಿ ಒಟ್ಟಿಗೆ ಕೂತಂತೆ ನನಗೆ ಕಾಣುತ್ತದೆ. ‘ತಳವಾರ’ ಎಂಬುದು ಕೀಳು ಮಾಡಲು ಹಚ್ಚಿದ ಹೆಸರಾಗಿದ್ದರೆ ಕಾಮಿದೇವಯ್ಯ ಅದನ್ನು ಹೆಸರಿನ ಮುಂದೆ ಇಟ್ಟುಕೊಂಡು ತಿರುಗುತ್ತಿರಲಿಲ್ಲ.

ವಿಜಯನಗರದ ಹೊತ್ತಿಗೆ ಪದಕ್ಕೆ ಲೆಕ್ಕಪತ್ರದ ವಾಸನೆ ಅಂಟಿತು. ಶಾಸನಗಳಲ್ಲಿ ‘ತಳವಾರಿಕೆ’ ಎಂಬುದು ಊರವರು ಕಾವಲಿಗಾಗಿ ಕೊಡಬೇಕಾದ ತೆರಿಗೆ. ಹಂಪಿಯಿಂದ ಹೊಳೆ ದಾಟಿ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಇಂದಿಗೂ ನಿಂತಿರುವ ಕೋಟೆ ಬಾಗಿಲಿನ ಹೆಸರು ತಳಾರಿಘಟ್ಟ. ಹರಿಗೋಲು ಹತ್ತುವವರನ್ನು, ಇಳಿಯುವವರನ್ನು ಅಲ್ಲಿ ನಿಂತು ನೋಡುತ್ತಿದ್ದವನ ಹೆಸರು ಕಲ್ಲಿಗೆ ಉಳಿದಿದೆ. 1443ರಲ್ಲಿ ಬಂದ ಅಬ್ದುರ್ ರಜಾಕ್ ನಗರದ ಕಾವಲಿಗೆ 12,000 ಮಂದಿ ಇದ್ದರು, ದಿನಕ್ಕೆ 12,000 ಪಣ ಅವರ ಸಂಬಳ, ಆ ಹಣ ವೇಶ್ಯೆಯರ ಮೇಲಿನ ತೆರಿಗೆಯಿಂದ ಬರುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ಇಷ್ಟು ದೊಡ್ಡ ಪಟ್ಟಣದ ನಿದ್ದೆ ಇಬ್ಬರ ದುಡಿಮೆಯ ಮೇಲೆ ನಿಂತಿತ್ತು, ಇಬ್ಬರಿಗೂ ಒಳ್ಳೆಯ ಹೆಸರಿರಲಿಲ್ಲ.

1565ರಲ್ಲಿ ಸಾಮ್ರಾಜ್ಯ ಚೆದುರಿತು. ಆಗ ನಮ್ಮ ಸೀಮೆಯಲ್ಲಿ ನಡೆದದ್ದು ಈ ಪದದ ಬದುಕಿನ ಅತಿ ದೊಡ್ಡ ಘಟನೆ. ಹರಪನಹಳ್ಳಿಯ ಪಾಳೆಯಗಾರರು ಬಳ್ಳಾರಿ ಜಿಲ್ಲೆಯಲ್ಲೇ ಬಲಿಷ್ಠರಾಗಿದ್ದವರು. 1748ರ ಸುಮಾರಿಗೆ ನಡೆದ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿ ನಾಯಕ ಬಿದ್ದದ್ದು ಇದೇ ಮನೆತನದ ಸೋಮಶೇಖರ ನಾಯಕನ ಕೈಯಲ್ಲಿ. ಈ ಮನೆತನದ ಮೂಲಪುರುಷ ದಾದಯ್ಯ. ಅವನು ಯಾರು? ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಬರೆದ ಬಳ್ಳಾರಿ ಗೆಜೆಟಿಯರ್ ಅವನನ್ನು ತಳವಾರ ಎಂದೇ ಕರೆಯುತ್ತದೆ. ಕೇಳುವ ದೊರೆ ಇಲ್ಲವಾದಾಗ ದಾದಯ್ಯ ಬಾಗಳಿ, ನೀಲಗುಂದದ ಸುತ್ತಣ ಸೀಮೆಯನ್ನು ವಶಕ್ಕೆ ತೆಗೆದುಕೊಂಡ, ನೀಲಗುಂದದ ಕೋಟೆಯಲ್ಲಿ ನೆಲೆ ನಿಂತ, ಚಿತ್ರದುರ್ಗದ ಮನೆಯ ಹೆಣ್ಣು ತಂದ.

ಬಾಗಳಿಯ ಕಲ್ಲೇಶ್ವರ ಗುಡಿಯನ್ನು ನೋಡಲು ಹೋದಾಗಲೆಲ್ಲ ನನಗೆ ದಾದಯ್ಯನ ನೆನಪು. ಆ ಕಂಬಗಳ ನುಣುಪನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆ ಗುಡಿಯ ಸುತ್ತ ಕೋಲು ಹಿಡಿದು ಇರುಳು ತಿರುಗಿದವನು, ಬೆಳೆ ಕಾದವನು, ಯಾವ ಹೊಲಕ್ಕೆ ಯಾವ ಕಾಲುದಾರಿ ಎಂದು ಅಂಗೈಗೆರೆಯಂತೆ ಬಲ್ಲವನು ಒಂದು ದಿನ ಆ ನಾಡಿನ ಒಡೆಯನಾದ. ಊರನ್ನು ಕಾಯುವವನಿಗಿಂತ ಚೆನ್ನಾಗಿ ಊರನ್ನು ಬಲ್ಲವರು ಯಾರು? ನಾಗಾರ್ಜುನಕೊಂಡದ ಶಾಸನದಲ್ಲಿ ಅರಸನ ಮನೆಯ ಅಳಿಯನಾಗಿದ್ದ ಪದ ಸಾವಿರದ ಮುನ್ನೂರು ವರ್ಷದ ಮೇಲೆ, ಹರಪನಹಳ್ಳಿಯಲ್ಲಿ, ಸಿಂಹಾಸನವನ್ನೇ ಹತ್ತಿತು.

ಅಲ್ಲಿಂದ ಮುಂದಿನದು ಇಳಿಜಾರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೊ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರ್ ಆಗಿದ್ದ, ಪಾಳೆಯಗಾರರನ್ನು ಅಡಗಿಸಿದ. ಅದಕ್ಕೆ ಮುಂಚಿನಿಂದಲೂ ದಕ್ಷಿಣದ ಕಾವಲು ಪದ್ಧತಿಗೆ ಒಂದು ಕರಾರು ಇತ್ತು: ಕಾಯುವವನಿಗೆ ಊರಿನಿಂದ ಕಾಳು, ಮಾನ್ಯದ ಹೊಲ, ಕಳುವಾದರೆ ಕಳ್ಳನನ್ನಾಗಲಿ ಮಾಲನ್ನಾಗಲಿ ಅವನು ತರಬೇಕು, ಇಲ್ಲದಿದ್ದರೆ ತಾನೇ ತುಂಬಿಕೊಡಬೇಕು. ಮಿಥಿಳೆಯ ಅರಸ ಹಾಕಿದ ಗಡುವು ಕಥೆಯ ಹೊರಗೆ ಹಳ್ಳಿಹಳ್ಳಿಯ ಕಟ್ಟಳೆಯಾಗಿ ಬದುಕಿತ್ತು. ತಳವಾರ ಎಂಬ ಪದದ ಮೇಲಿನ ಬಣ್ಣ ಎಷ್ಟು ಸಲ ಬದಲಾದರೂ ಒಳಗಿನ ಈ ಒಂದು ಅರ್ಥ ಬದಲಾಗಲಿಲ್ಲ. ಪಟ್ಟ ಕಟ್ಟಿಸಿಕೊಂಡಾಗಲೂ, ಕೋಲು ಹಿಡಿದಾಗಲೂ ಅವನು ‘ಹೊಣೆ ಹೊತ್ತವನು’. ಯಾರದೋ ಮನೆಯ ಕಳವಿಗೆ ಅವನ ತಲೆ ಹೊಣೆ.

ಮದ್ರಾಸ್ ಸರ್ಕಾರದ 1816ರ 11ನೆಯ ರೆಗ್ಯುಲೇಷನ್ ಹಳ್ಳಿಯ ಪೊಲೀಸ್ ಅಧಿಕಾರವನ್ನು ಊರ ಹಿರಿಯನ ಕೈಗೆ ಕೊಟ್ಟು ತಳವಾರನನ್ನು ಅವನ ಕೈಕೆಳಗೆ ಇಟ್ಟಿತು. ಸಣ್ಣ ತಪ್ಪಿಗೆ ಮೇಲುಜಾತಿಯವನನ್ನು ಚಾವಡಿಯಲ್ಲಿ ಕೂರಿಸಬಹುದು, ಕೆಳಜಾತಿಯವನಾದರೆ ಕೋಳಕ್ಕೆ ಹಾಕಬಹುದು ಎಂದು ಆ ಕಟ್ಟಳೆಯಲ್ಲೇ ಬರೆದಿತ್ತು. ಕೋಳದ ಬೀಗ ಹಾಕುವ ಕೈ ತಳವಾರನದು. ಅವನ ಸ್ವಂತ ಜನರಿಗೇ ಅವನು ಬೀಗ ಹಾಕಬೇಕಾದ ದಿನಗಳು ಎಷ್ಟಿದ್ದವೋ. 1859ರಲ್ಲಿ ಹೊಸ ಪೊಲೀಸ್ ಇಲಾಖೆ ಬಂದ ಮೇಲೆ ಕಳ್ಳನನ್ನು ಹಿಡಿಯುವ ಗೌರವ ಖಾಕಿಯವನಿಗೆ ಹೋಯಿತು. ಜಮಾದಾರ, ಹವಾಲ್ದಾರ ಎಂಬ ಪಾರಸಿ ಪದಗಳು, ಪೊಲೀಸ್ ಎಂಬ ಯುರೋಪಿನ ಪದ ಚಾವಡಿ ಏರಿದವು. ‘ಪೊಲೀಸ್’ ಕೂಡ ಬುಡದಲ್ಲಿ ಗ್ರೀಕರ ‘ಪೊಲಿಸ್’, ಅಂದರೆ ಪಟ್ಟಣ. ಹೇಮಚಂದ್ರ ತಲಾರನಿಗೆ ಕೊಟ್ಟ ಅರ್ಥದ ಬುಡವೂ ಪಟ್ಟಣವೇ. ಅರ್ಥದಲ್ಲಿ ಅಣ್ಣತಮ್ಮಂದಿರಾದ ಎರಡು ಪದಗಳಲ್ಲಿ ಒಂದು ಕುರ್ಚಿಯ ಮೇಲೆ ಕೂತಿತು, ಇನ್ನೊಂದು ಅದರ ಹಿಂದೆ ಲಾಟೀನು ಹಿಡಿದು ನಡೆಯಿತು. ತಳವಾರನಿಗೆ ಉಳಿದದ್ದು ಕಂದಾಯದ ಹಣದ ಗಂಟಿನ ಜೊತೆ ತಾಲೂಕಿಗೆ ನಡೆಯುವುದು, ಸಾಹೇಬರು ಬಂದಾಗ ಊರವರನ್ನು ಕೂಡಿಸುವುದು, ಹೆಣ ಬಿದ್ದ ಕಡೆ ಇರುಳಿಡೀ ಕಾಯುವುದು.

ನನ್ನ ಅಜ್ಜಿಯ ಬಾಯಲ್ಲಿ ಈ ಪದ ಮಕ್ಕಳನ್ನು ಸುಮ್ಮನಾಗಿಸುವ ಮಂತ್ರ. “ತಳವಾರ್ರು ಬರ್ತಾರ, ಬಾಯಿ ಮುಚ್ಚು” ಎಂದರೆ ಸಾಕು, ನಾವು ಕೌದಿಯೊಳಗೆ ಸೇರುತ್ತಿದ್ದೆವು. ನಮ್ಮೂರಿನ ತಳವಾರ ಮುದುಕರು ಬೆದರಿಸುವವರಲ್ಲ. ಮಳೆ ಬಿದ್ದ ನೆಲದಲ್ಲಿ ಎತ್ತಿನ ಹೆಜ್ಜೆ ನೋಡಿ ಯಾರ ಮನೆಯ ಎತ್ತು, ಬಲಗಾಲು ಎಳೆಯುತ್ತದೆಯೇ, ಹೊಡೆದುಕೊಂಡು ಹೋದವನು ಚಪ್ಪಲಿ ಮೆಟ್ಟಿದ್ದನೇ ಎಂದು ಹೇಳುತ್ತಿದ್ದರು. ಅವರ ಕೋಲಿನ ತುದಿಗೆ ಹಿತ್ತಾಳೆ ಕಟ್ಟು. ಕಟ್ಟೆಯ ಮೇಲೆ ಅವರು ಕೂತದ್ದನ್ನು ನಾನು ನೋಡಲಿಲ್ಲ.

ಆಟದ ದಿನ ಮಾತ್ರ ಅವರೇ ಮುಂದೆ. ಬಯಲಾಟ ಕಟ್ಟಿದರೆ ಅಟ್ಟ ಹಾಕಿಸುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಅವರ ಓಡಾಟ. ಕೊಟ್ಟೂರು ತೇರಿನಲ್ಲಿ, ಮೈಲಾರದ ಜಾತ್ರೆಯಲ್ಲಿ ಟೆಂಟು ಹಾಕುವ ಕಂಪನಿ ನಾಟಕಗಳಲ್ಲಿ ಹವಾಲ್ದಾರನ ಪಾರ್ಟು ಎಂದರೆ ನಗೆಯ ಪಾರ್ಟೇ. ಹೊಟ್ಟೆಗೆ ದಿಂಬು, ಸಡಿಲ ಪಟ್ಟಿ, ಕಳ್ಳನ ಹಿಂದೆ ಓಡಿ ತಾನೇ ಬಿದ್ದು, ಬಿದ್ದಲ್ಲೇ ಒಂದು ಹಾಡು. ಹಗಲುವೇಷದವರು ಬಂದರೆ ಅವರಲ್ಲೂ ಒಬ್ಬ ಖಾಕಿಯವನು. ಸಣ್ಣಾಟದ ಸಂಗ್ಯಾ ಬಾಳ್ಯಾ ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಹಾಡಾಗಿಸಿದ ಆಟ. ಅಲ್ಲಿ ಗೆಳೆಯನೇ ಗೆಳೆಯನಿಗೆ ದ್ರೋಹ ಬಗೆಯುತ್ತಾನೆ, ಜನ ಅಳುತ್ತಾರೆ. ನಗಬೇಕಾದಾಗ ಮಾತ್ರ ಕಾಯುವವನೇ ಬೇಕು. ಊರಿನ ಮುದುಕರು ಜನರ ನಡುವೆ ಕೋಲು ಊರಿ ನಿಂತು ಅದನ್ನು ನೋಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಒಂದೊಂದು ಸಲ ಅವರ ಕಡೆ ತಿರುಗಿ ನಗುತ್ತಿದ್ದೆವು. ಆ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಗೆಗೆ ಬೇರೆ ದಾರಿಯೂ ಇದೆ ಎಂದು ನನಗೆ ತಿಳಿದದ್ದು ಬಹಳ ದೂರದ ಒಂದು ದೇಶದ ನಾಟಕ, ಸಿನಿಮಾಗಳಿಂದ. ಚೆಕೊಸ್ಲೊವಾಕಿಯದಲ್ಲಿ ಸಮಾಜವಾದಿ ಸರ್ಕಾರವಿದ್ದಾಗ ಸಿನಿಮಾ ತೆಗೆಯುವುದೂ ಸರ್ಕಾರವೇ, ಪೊಲೀಸರೂ ಸರ್ಕಾರದವರೇ. ಅಲ್ಲಿ ಯೋಸೆಫ್ ಶ್ಕ್ವೊರೆಟ್ಸ್ಕಿ ಎಂಬ ಲೇಖಕ 1966ರಲ್ಲಿ ಬೊರೂವ್ಕಾ ಎಂಬ ಪತ್ತೇದಾರಿ ಅಧಿಕಾರಿಯ ಕಥೆಗಳನ್ನು ತಂದ. ಆ ಬೊರೂವ್ಕಾ ಕಳ್ಳನನ್ನು ಹಿಡಿದು ಬೀಗುವವನಲ್ಲ, ಪ್ರತಿಸಲ ದುಃಖಪಡುವವನು. ಪುಸ್ತಕದ ಹೆಸರಿನಲ್ಲೇ ಅವನ ದುಃಖವಿದೆ. 1968ರಲ್ಲಿ ಇರ್ಜಿ ಮೆಂಝೆಲ್ ಅದೇ ಶ್ಕ್ವೊರೆಟ್ಸ್ಕಿಯ ಜೊತೆ ಸೇರಿ ‘ಜ್ಲೊಚಿನ್ ವ್ ಶಾಂತಾನು’ ಎಂಬ ಹಾಡು ತುಂಬಿದ ಅಪರಾಧ ಪ್ರಹಸನ ತೆಗೆದ. ಪ್ರಾಗ್‌ನ ಸೆಮಾಫೋರ್ ರಂಗಮಂದಿರವನ್ನು 1959ರಲ್ಲಿ ಕಟ್ಟಿದ ಸುಖಿ ಮತ್ತು ಶ್ಲಿತ್ರ್ ಅದರ ನಟರು. ‘ಶಾಂತಾನ್’ ಎಂದರೆ ಹಾಡು ನಡೆಯುವ ಅಗ್ಗದ ಮನರಂಜನೆಯ ತಾಣ. ಫ್ರೆಂಚಿನ ‘ಕಫೆ ಶಾಂತಾಂ’ ಚೆಕ್ ನಾಲಿಗೆಯಲ್ಲಿ ಸವೆದು ಆದ ಪದ. ಆ ಪದವೂ ನಮ್ಮ ತಳವಾರನ ಹಾಗೆ ಮೇಲಿನ ಬೀದಿಯಿಂದ ಕೆಳಗಿನ ಕೇರಿಗೆ ಇಳಿದದ್ದು. ಅದೇ ವರ್ಷ ಆಗಸ್ಟ್ 21ಕ್ಕೆ ಪ್ರಾಗ್‌ನ ಬೀದಿಗಳಿಗೆ ಸೋವಿಯತ್ ಟ್ಯಾಂಕು ಬಂದವು. ಮರುವರ್ಷ ಶ್ಕ್ವೊರೆಟ್ಸ್ಕಿ ಕೆನಡಾಕ್ಕೆ ಹೋಗಿಬಿಟ್ಟ.

ಇದಕ್ಕಿಂತ ವಡ್ಡಾರಾಧನೆಗೆ ಹತ್ತಿರವಾದದ್ದು ವಾಕ್ಲಾವ್ ಹಾವೆಲ್‌ನ ನಾಟಕ. ಲಂಡನ್ನಿನಲ್ಲಿ ಜಾನ್ ಗೇ 1728ರಲ್ಲಿ ಆಡಿಸಿದ ಭಿಕ್ಷುಕರ ಒಪೆರಾವನ್ನು ಬ್ರೆಕ್ಟ್ ಮತ್ತು ವೈಲ್ 1928ರಲ್ಲಿ ಬರ್ಲಿನ್‌ನಲ್ಲಿ ಮೂರು ಕಾಸಿನ ಒಪೆರಾ ಮಾಡಿದ್ದರು. ಅದರಲ್ಲಿ ದರೋಡೆಗಾರನೂ ಪೊಲೀಸ್ ಮುಖ್ಯಸ್ಥನೂ ಹಳೆಯ ಗೆಳೆಯರು, ಒಟ್ಟಿಗೆ ಸೈನ್ಯದಲ್ಲಿದ್ದವರು. ವಿದ್ಯುಚ್ಚೋರ ಯಮದಂಡರ ಕಥೆ ಬಲ್ಲ ನನಗೆ ಅದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಹಾವೆಲ್ ಆ ಕಥೆಯನ್ನು ತನ್ನ ಭಾಷೆಗೆ ತಂದು, ಪೊಲೀಸ್ ಮುಖ್ಯಸ್ಥನೇ ಕಳ್ಳರ ಲೋಕವನ್ನೆಲ್ಲ ನಡೆಸುವವನು ಎಂಬಲ್ಲಿಗೆ ಮುಟ್ಟಿಸಿದ. 1975ರ ನವೆಂಬರ್ 1ರಂದು ಪ್ರಾಗ್‌ನ ಅಂಚಿನ ಹೊರ್ನಿ ಪೊಚೆರ್ನಿಟ್ಸೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ಹವ್ಯಾಸಿಗಳು ಅದನ್ನು ಒಂದೇ ಒಂದು ಸಲ ಆಡಿದರು. ಆಮೇಲೆ ಆಡಿದವರ ಮೇಲೂ ನೋಡಿದವರ ಮೇಲೂ ಪೊಲೀಸರ ವಿಚಾರಣೆ ಬಿತ್ತು. 1991ರಲ್ಲಿ, ಹಾವೆಲ್ ರಾಷ್ಟ್ರಾಧ್ಯಕ್ಷನಾಗಿದ್ದಾಗ, ಅದನ್ನು ಮೆಂಝೆಲ್ ಸಿನಿಮಾ ಮಾಡಿದ. ಅಲ್ಲಿಯ ನಗೆ ಲಾಟೀನು ಹಿಡಿದವನನ್ನು ದಾಟಿ ಗಡುವು ಕೊಟ್ಟವನ ಮುಖಕ್ಕೇ ಹೋಗಿ ತಾಕುತ್ತಿತ್ತು. ಅಧಿಕಾರದವರಿಗೆ ಕೋಪ ಬಂದದ್ದು ಅದಕ್ಕೇ.

ನಮ್ಮ ಸೀಮೆಗೂ ರಂಗದ ಬಲ ಕಡಿಮೆಯಿಲ್ಲ. ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶ್ ಮುಂದೆ ಉಪಮುಖ್ಯಮಂತ್ರಿಯಾದರು, ಗೃಹ ಖಾತೆಯನ್ನೂ ನೋಡಿಕೊಂಡರು. ನಾಟಕ ಕಟ್ಟಿದ ಕೈಯೇ ರಾಜ್ಯದ ಪೊಲೀಸರ ಹೊಣೆ ಹೊತ್ತ ಊರು ಇದು. ಹಡಗಲಿಯ ರಂಗದ ಮೇಲೆ ಯಮದಂಡನ ಏಳು ದಿನಗಳನ್ನು, ಕಳ್ಳನ ಕಣ್ಣಿನಿಂದ ನೋಡದೆ ತಳಾಱನ ಕಣ್ಣಿನಿಂದ, ಹಾಡು ಕುಣಿತದ ಜೊತೆ ಯಾರಾದರೂ ಕಟ್ಟಬೇಕು ಎಂಬ ಆಸೆ ನನಗೆ ಬಹಳ ದಿನದಿಂದ ಇದೆ. ಮೊದಲ ದಿನದ ಧೈರ್ಯ, ಮೂರನೆಯ ದಿನದ ಅನುಮಾನ, ಆರನೆಯ ದಿನದ ರಾತ್ರಿ ಹೆಂಡತಿ ಮಕ್ಕಳ ಮುಖ ನೋಡುವುದು. ಅದಕ್ಕೆ ನಮ್ಮ ಗೋವಿನಹಾಡಿನ ಮಟ್ಟೂ ಆದೀತು, ದೊಡ್ಡಾಟದ ಏರುದನಿಯೂ ಆದೀತು.

1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಗೌಡಿಕೆ, ಶಾನುಭೋಗಿಕೆ, ತಳವಾರಿಕೆ ಎಲ್ಲ ಹೋದವು. ಮಾನ್ಯದ ಹೊಲ ಅವರವರಿಗೇ ಮರುಮಂಜೂರಾಗಬೇಕಿತ್ತು. ಎಷ್ಟೋ ಮನೆಗಳಲ್ಲಿ ಆ ಕಾಗದಕ್ಕಾಗಿ ಎರಡು ತಲೆಮಾರು ಕಚೇರಿಗೆ ಅಲೆದದ್ದನ್ನು ನಾನು ಬಲ್ಲೆ. ಕೆಲಸ ಹೋಯಿತು, ಹೆಸರು ಉಳಿಯಿತು. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯ ‘ನಾಯಕ’ಕ್ಕೆ ಪರ್ಯಾಯವಾಗಿ ‘ಪರಿವಾರ’, ‘ತಳವಾರ’ ಎಂಬ ಹೆಸರುಗಳನ್ನು ಸೇರಿಸಿತು. ಅಲ್ಲಿಗೆ ಪದಕ್ಕೆ ಕಾನೂನಿನ ಪಟ್ಟ ಸಿಕ್ಕಿತು. ತಳವಾರಿಕೆ ಎಂಬುದು ಊರೂರಿಗೆ ಬೇರೆ ಬೇರೆ ಜಾತಿಯವರು ಮಾಡಿದ ಕೆಲಸವಾದ್ದರಿಂದ ಯಾರು ತಳವಾರ, ಯಾರಲ್ಲ ಎಂಬ ತಕರಾರೂ ಜೊತೆಗೇ ಬಂತು. ಈಗ ತಹಶೀಲ್ದಾರ್ ಕಚೇರಿಯ ಸರದಿಯಲ್ಲಿ ನಿಂತ ಹುಡುಗನ ಕೈಯಲ್ಲಿ ಅಜ್ಜನ ಕಾಲದ ಶಾಲಾ ದಾಖಲೆ, ಅದರಲ್ಲಿ ಈ ನಾಲ್ಕು ಅಕ್ಷರ ಸರಿಯಾಗಿ ಬಿದ್ದಿವೆಯೇ ಎಂಬ ಆತಂಕ. ‘ಳ’ ಹೋಗಿ ‘ಲ’ ಆಗಿದ್ದರೆ ಮತ್ತೆ ಅಲೆದಾಟ. ಕತ್ತಿಗೂ ಕಾವಲಿನವನಿಗೂ ಇರುವ ಆ ಒಂದಕ್ಷರದ ಅಂತರದ ಮೇಲೆ ಇಂದು ಒಬ್ಬ ಹುಡುಗನ ಓದು, ನೌಕರಿ ನಿಂತಿದೆ.

ಶಿವಕೋಟ್ಯಾಚಾರ್ಯ ಹೇಳಿದ ಕಥೆಯ ಕೊನೆಯನ್ನು ನಾನು ಇನ್ನೂ ಹೇಳಿಲ್ಲ. ವಿದ್ಯುಚ್ಚೋರನ ತಂದೆ ರಾಜ್ಯ ಬಿಟ್ಟು ತಪಸ್ಸಿಗೆ ಹೋದ ಮೇಲೆ ಇವನು ದೊರೆಯಾದ. ಆಗ ಯಮದಂಡನಿಗೆ ಹಳೆಯ ಪಂಥ ನೆನಪಾಗಿ ಹೆದರಿಕೆಯಾಯಿತು. ಕದಿಯುವವನೇ ಅರಸನಾದ ಊರಿನಲ್ಲಿ ತಳಾಱ ಉಳಿಯುವುದು ಹೇಗೆ ಎಂದು ಊರು ಬಿಟ್ಟು, ಯಾರಿಗೂ ಹೇಳದೆ ಮಿಥಿಳೆ ಸೇರಿದ. ದೊರೆ ರಾಜ್ಯವನ್ನು ಅಲ್ಲೇ ಬಿಟ್ಟು ಅವನನ್ನು ಹುಡುಕುತ್ತ ಬಂದ, ಮೈಗೆ ಕುಷ್ಠದ ವೇಷ ಹಚ್ಚಿಕೊಂಡು ಪಾಳುಗುಡಿಯಲ್ಲಿ ಮಲಗಿದ, ಹಾರ ಕದ್ದ, ಗೆಳೆಯನ ಕೈಯಿಂದಲೇ ಮೂವತ್ತೆರಡು ಹಿಂಸೆ ತಿಂದ. ನಿಜ ಹೊರಬಿದ್ದಾಗ ಅವನು ಅರಸನಲ್ಲಿ ಕೇಳಿದ್ದು ಹಾರವನ್ನಲ್ಲ. ತಳಾಱನನ್ನು ಕರೆದುಕೊಂಡು ಊರಿಗೆ ಹೋದ.